ಲಿನಕ್ಸ್ ಕರ್ನಲ್ ಎಪಿಐ: ನಿಮ್ಮ ವರ್ಷನ್‌ಗೆ ಸರಿಹೊಂದುವ ಡಾಕ್ಯುಮೆಂಟೇಶನ್ ಹುಡುಕುವ ಸಮಗ್ರ ಮಾರ್ಗದರ್ಶಿ

ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ, ಅದು ಓಡುತ್ತಿರುವಾಗಲೇ ಸೇರಿಸಬಹುದಾದ ಕೋಡ್) ಬರೆಯಲು ಕೂತವರು ಪದೇ ಪದೇ ಎಡವುವ ಜಾಗ ಒಂದೇ. ಪುಸ್ತಕದಲ್ಲೋ ವಿಡಿಯೋದಲ್ಲೋ ಇದ್ದ ಕೋಡನ್ನು ಒಂದಕ್ಷರ ಬಿಡದೆ ಟೈಪ್ ಮಾಡಿರುತ್ತಾರೆ. ಮೇಕ್ ಕೊಟ್ಟ ಕೂಡಲೇ ಎರರ್. ಸರ್ಚ್ ಮಾಡಿದರೆ ಹತ್ತು ಉತ್ತರ, ಹತ್ತೂ ಬೇರೆ ಬೇರೆ. ಒಂದನ್ನು ಹಾಕಿದರೆ ಇನ್ನೊಂದು ಎರರ್. ಸಂಜೆ ಹೊತ್ತಿಗೆ ನಾಲ್ಕು ವರ್ಷನ್‌ಗಳ ಕೋಡ್ ಒಂದೇ ಫೈಲಿನಲ್ಲಿ ಕಲಸಿಹೋಗಿರುತ್ತದೆ.

ಇದಕ್ಕೆ ಕಾರಣ ಹುಡುಕುವ ಕ್ರಮ. ಹೆಚ್ಚಿನವರು ಸರ್ಚ್‌ನಿಂದ ಶುರು ಮಾಡಿ, ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಸೋರ್ಸ್ ತೆರೆಯುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ನಿಮ್ಮ ವರ್ಷನ್, ಆಮೇಲೆ ಆ ವರ್ಷನ್‌ನ ಹೆಡರ್ (ಫಂಕ್ಷನ್‌ಗಳ ಘೋಷಣೆ ಇರುವ .ಎಚ್ ಫೈಲ್), ಆಮೇಲೆ ಅದರ ವಿವರಣೆ, ಆಮೇಲೆ ಅದನ್ನು ಬದಲಿಸಿದ ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ). ಸರ್ಚ್ ಎಂಜಿನ್ ಸರದಿ ಬರುವುದು ಇಷ್ಟೆಲ್ಲ ಮುಗಿದ ಮೇಲೆ.

ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿರಲಿ. ಅಪ್ಲಿಕೇಶನ್‌ಗಳು ಬಳಸುವ ಸಿಸ್ಟಂ ಕಾಲ್‌ಗಳನ್ನು ಲಿನಕ್ಸ್ ಮುರಿಯುವುದಿಲ್ಲ. ಆದರೆ ಕರ್ನಲ್‌ನ ಒಳಗಿನ ಫಂಕ್ಷನ್‌ಗಳಿಗೆ, ಅಂದರೆ ಕರ್ನಲ್ ಎಪಿಐಗೆ, ಆ ಭರವಸೆ ಇಲ್ಲವೇ ಇಲ್ಲ. ಒಂಬತ್ತು ಹತ್ತು ವಾರಕ್ಕೊಂದು ಹೊಸ ವರ್ಷನ್ ಬರುತ್ತದೆ, ಪ್ರತಿ ಸಲ ಏನಾದರೂ ಬದಲಾಗಿರುತ್ತದೆ. ಹಾಗಾಗಿ ‘ಲಿನಕ್ಸ್‌ನಲ್ಲಿ ಈ ಫಂಕ್ಷನ್ ಹೇಗೆ ಬಳಸುವುದು’ ಅನ್ನುವ ಪ್ರಶ್ನೆಯೇ ಅರ್ಧ. ‘6.6ರಲ್ಲಿ ಹೇಗೆ’ ಅಂತ ಕೇಳಿದಾಗಲೇ ಅದಕ್ಕೆ ಉತ್ತರ ಇರುವುದು.

ಇಲ್ಲಿ ಕಮಾಂಡ್, ಫಂಕ್ಷನ್, ಫೈಲ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಳ್ಳಿ. ಅಂಡರ್‌ಸ್ಕೋರ್, ಗೆರೆ, ಚುಕ್ಕಿ ಎಲ್ಲಿವೆಯೋ ಅಲ್ಲಿಯೇ ಇವೆ.

## ಬೇಕಾಗುವ ಸಲಕರಣೆ

ಗಿಟ್ (ಸೋರ್ಸನ್ನೂ ಅದರ ಬದಲಾವಣೆಗಳ ಇತಿಹಾಸವನ್ನೂ ಇಡುವ ಸಾಧನ), ಕೆಲವು ಜಿಬಿ ಖಾಲಿ ಜಾಗ, ಒಂದು ಟರ್ಮಿನಲ್. ಮುಖ್ಯವಾಗಿ ಇಷ್ಟೇ. ಬ್ರೌಸರ್‌ನಲ್ಲಿ ಎರಡು ತಾಣ ತೆರೆದಿಟ್ಟುಕೊಳ್ಳಿ: ಒಂದು ಡಾಕ್ಸ್.ಕರ್ನಲ್.ಆರ್ಗ್, ಇನ್ನೊಂದು ಬೂಟ್‌ಲಿನ್ ನಡೆಸುವ ಎಲಿಕ್ಸರ್. ಎಲಿಕ್ಸರ್‌ನಲ್ಲಿ ಯಾವ ವರ್ಷನ್ ಬೇಕಾದರೂ ಆರಿಸಿಕೊಂಡು, ಒಂದು ಹೆಸರು ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಕ್ಲಿಕ್ ಮಾಡಿ ನೋಡಬಹುದು. ಸೋರ್ಸ್ ಇಳಿಸಿಕೊಳ್ಳಲು ಆಗದ ಕಂಪ್ಯೂಟರ್‌ನಲ್ಲಿ ಕೂತಾಗ ಇದೊಂದೇ ಸಾಕು.

## ಹಂತ 1: ಯಾವ ಕರ್ನಲ್‌ಗೆ ಬರೆಯುತ್ತಿದ್ದೀರಿ ಅಂತ ಗಟ್ಟಿ ಮಾಡಿಕೊಳ್ಳಿ

ಯುನೇಮ್ -ಆರ್

ಇದು ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ ಹೇಳುತ್ತದೆ. ಆದರೆ ನಿಮ್ಮ ಮಾಡ್ಯೂಲ್ ಓಡಬೇಕಾದ್ದು ಬೇರೆ ಬೋರ್ಡಿನ ಮೇಲಾದರೆ ಈ ಕಮಾಂಡನ್ನು ಆ ಬೋರ್ಡಿನಲ್ಲೇ ಕೊಡಬೇಕು. ಲ್ಯಾಪ್‌ಟಾಪಿನಲ್ಲಿ 6.8, ಬೋರ್ಡಿನಲ್ಲಿ 5.15 ಇರುವುದು ತೀರಾ ಸಾಮಾನ್ಯ. ಇದನ್ನು ಮರೆತು ಲ್ಯಾಪ್‌ಟಾಪಿನ ಹೆಡರ್ ಓದಿಕೊಂಡು ಬೋರ್ಡಿಗೆ ಬರೆಯುವವರು ಬಹಳ ಜನ.

ಮುಂದಿನ ತೊಡಕು ಡಿಸ್ಟ್ರಿಬ್ಯೂಶನ್‌ಗಳದ್ದು. ಉಬುಂಟು 24.04ರ ಜೊತೆ ಮೊದಲು ಬಂದ ಕರ್ನಲ್‌ನಲ್ಲಿ ಯುನೇಮ್ 6.8.0 ಅಂತ ತೋರಿಸುತ್ತದೆ. ಆ ಕೊನೆಯ ಸೊನ್ನೆಯನ್ನು ನಂಬಬೇಡಿ. ಅದು ಮೂಲ ಕರ್ನಲ್‌ನ ಯಾವ ಬಿಡುಗಡೆಯವರೆಗಿನ ಪ್ಯಾಚ್‌ಗಳನ್ನು ಸೇರಿಸಿಕೊಂಡಿದೆ ಅನ್ನುವುದು ಪ್ರಾಕ್ ಫೋಲ್ಡರ್ ಒಳಗಿನ ವರ್ಷನ್_ಸಿಗ್ನೇಚರ್ ಫೈಲಿನಲ್ಲಿರುತ್ತದೆ.

ರೆಡ್ ಹ್ಯಾಟ್ ಮತ್ತು ಅದರ ಬಳಗದಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು. ಆರ್‌ಎಚ್‌ಇಎಲ್ 8 ತನ್ನನ್ನು 4.18 ಅಂತ, ಆರ್‌ಎಚ್‌ಇಎಲ್ 9 ತನ್ನನ್ನು 5.14 ಅಂತ ಹೇಳಿಕೊಳ್ಳುತ್ತದೆ. ಆದರೆ ಎಷ್ಟೋ ಹೊಸ ಎಪಿಐಗಳನ್ನು ಹಿಂದಕ್ಕೆ ತಂದು ಅದೇ ನಂಬರಿನೊಳಗೆ ಸೇರಿಸಿರುತ್ತಾರೆ. ಅಲ್ಲಿ ಮೂಲ 5.14ರ ಡಾಕ್ಯುಮೆಂಟೇಶನ್ ಓದಿದರೆ ದಾರಿ ತಪ್ಪುವುದು ಖಂಡಿತ. ಚಿಪ್ ಕಂಪನಿಗಳು ಬೋರ್ಡಿನ ಜೊತೆ ಕೊಡುವ ಕರ್ನಲ್‌ಗಳದ್ದೂ, ಆಂಡ್ರಾಯ್ಡ್ ಕರ್ನಲ್‌ಗಳದ್ದೂ ಇದೇ ಕಥೆ. ಬೆಂಗಳೂರಿನಲ್ಲಿ ಎಂಬೆಡೆಡ್ ಕೆಲಸ ಮಾಡುವವರಲ್ಲಿ ಬಹುಪಾಲು ಜನ ಮುಟ್ಟುವುದು ಇಂಥ ಕರ್ನಲ್‌ಗಳನ್ನೇ. ಹೀಗಿದ್ದಾಗ ನಂಬರನ್ನು ಬದಿಗಿಟ್ಟು, ಅವರು ಕೊಟ್ಟ ಸೋರ್ಸನ್ನೇ ಪ್ರಮಾಣ ಅಂತ ಹಿಡಿಯಿರಿ.

## ಹಂತ 2: ಅದೇ ವರ್ಷನ್‌ನ ಸೋರ್ಸ್ ಇಳಿಸಿಕೊಳ್ಳಿ

ಹೆಡರ್ ಪ್ಯಾಕೇಜ್ ಹಾಕಿಕೊಂಡಿದ್ದೇನಲ್ಲ, ಅದು ಸಾಲದಾ ಅಂತ ಕೇಳುತ್ತಾರೆ. ಕಂಪೈಲ್ ಮಾಡಲು ಸಾಕು, ಓದಲು ಸಾಲದು. ಹೆಚ್ಚಿನ ಫಂಕ್ಷನ್‌ಗಳ ವಿವರಣೆ ಇರುವುದು .ಸಿ ಫೈಲ್‌ಗಳಲ್ಲಿ, ಫಂಕ್ಷನ್ ಬರೆದಿರುವ ಜಾಗದ ನೆತ್ತಿಯ ಮೇಲೆ. ಹೆಡರ್ ಪ್ಯಾಕೇಜ್‌ನಲ್ಲಿ ಆ ಫೈಲ್‌ಗಳು ಬರುವುದಿಲ್ಲ.

ಮೂಲ ಕರ್ನಲ್ ಬಳಸುತ್ತಿದ್ದರೆ ಗಿಟ್.ಕರ್ನಲ್.ಆರ್ಗ್‌ನಲ್ಲಿರುವ ಸ್ಟೇಬಲ್ ಮರವನ್ನು (ಮರ ಅಂದರೆ ಪೂರ್ತಿ ಸೋರ್ಸ್‌ನ ಗಿಟ್ ಸಂಗ್ರಹ) ಕ್ಲೋನ್ ಮಾಡಿ. ಅದರಲ್ಲಿ ಮುಖ್ಯ ಬಿಡುಗಡೆಗಳ ಟ್ಯಾಗ್‌ಗಳೂ, ವಿ6.6.30 ಥರದ ಸ್ಟೇಬಲ್ ಟ್ಯಾಗ್‌ಗಳೂ ಎರಡೂ ಇರುತ್ತವೆ. ಡಿಸ್ಟ್ರಿಬ್ಯೂಶನ್ ಕರ್ನಲ್ ಆದರೆ ಅವರ ಸೋರ್ಸ್ ಪ್ಯಾಕೇಜನ್ನೇ ತರಿಸಿಕೊಳ್ಳಿ. ರಾಸ್ಪ್‌ಬೆರಿ ಪೈ ಆದರೆ ಅವರದೇ ಗಿಟ್ ಮರವಿದೆ, ಆರ್‌ಪಿಐ-6.6.ವೈ ಥರದ ಬ್ರಾಂಚ್ ಹೆಸರು ನೋಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಬೇಗ ಮುಗಿಯಲಿ ಅಂತ ಡೆಪ್ತ್ 1 ಹಾಕಿ ಕ್ಲೋನ್ ಮಾಡುವುದು. ಹಾಗೆ ಮಾಡಿದರೆ ಹಿಂದಿನ ಕಮಿಟ್‌ಗಳು ಒಂದೂ ಬರುವುದಿಲ್ಲ, 6ನೇ ಹಂತ ಪೂರ್ತಿ ಕೈತಪ್ಪುತ್ತದೆ. ಪೂರ್ತಿ ಕ್ಲೋನ್ ಮಾಡಿ. ರಾತ್ರಿ ಹಾಕಿ ಮಲಗಿದರೂ ಸರಿ. ಫಿಲ್ಟರ್ ಆಯ್ಕೆಯಲ್ಲಿ ಬ್ಲಾಬ್:ನನ್ ಕೊಟ್ಟು ಹಗುರಾಗಿ ಇಳಿಸುವ ದಾರಿಯೂ ಇದೆ. ಕಮಿಟ್ ಬರಹ ಓದಲು ಅದು ಸಾಕು. ಆದರೆ ಕೋಡಿನೊಳಗೆ ಹುಡುಕಿದಾಗೆಲ್ಲ ನೆಟ್‌ನಿಂದ ಫೈಲ್ ಎಳೆಯುತ್ತಾ ಕೂರುತ್ತದೆ.

ಎರಡು ವರ್ಷನ್ ಅಕ್ಕಪಕ್ಕ ಬೇಕಿದ್ದರೆ ಎರಡು ಸಲ ಕ್ಲೋನ್ ಮಾಡಬೇಡಿ. ಒಂದೇ ಕ್ಲೋನ್‌ನಿಂದ ಗಿಟ್ ವರ್ಕ್‌ಟ್ರೀ ಬಳಸಿ ಎರಡು ಫೋಲ್ಡರ್ ಮಾಡಿಕೊಳ್ಳಬಹುದು.

## ಹಂತ 3: ಹೆಡರ್‌ನಲ್ಲಿ ಫಂಕ್ಷನ್‌ನ ಈಗಿನ ರೂಪ ನೋಡಿ

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕ್ಯಾರೆಕ್ಟರ್ ಡಿವೈಸ್ ಪಾಠಗಳಲ್ಲೆಲ್ಲ ಬರುವ ಸಾಲು ಇದು:

ಕ್ಲಾಸ್_ಕ್ರಿಯೇಟ್(ದಿಸ್_ಮಾಡ್ಯೂಲ್, "ಮೈಡೆವ್")

ಇದನ್ನು 6.6ರಲ್ಲಿ ಕಂಪೈಲ್ ಮಾಡಿದರೆ, ಫಂಕ್ಷನ್‌ಗೆ ಆರ್ಗ್ಯುಮೆಂಟ್ ಜಾಸ್ತಿ ಆಯಿತು ಅನ್ನುವ ಎರರ್ ಬರುತ್ತದೆ. ಸರ್ಚ್‌ಗೆ ಹೋಗಬೇಡಿ. ಸೋರ್ಸ್ ಫೋಲ್ಡರಿನಲ್ಲಿ ನಿಂತು ಇದನ್ನು ಕೊಡಿ:

ಗಿಟ್ ಗ್ರೆಪ್ -ಎನ್ 'ಕ್ಲಾಸ್_ಕ್ರಿಯೇಟ್(' ವಿ6.6 -- ಇನ್‌ಕ್ಲೂಡ್/ಲಿನಕ್ಸ್

ಟ್ಯಾಗ್ ಹೆಸರು ಕೊಟ್ಟಿರುವುದರಿಂದ ಚೆಕ್‌ಔಟ್ ಮಾಡುವ ಅಗತ್ಯವೂ ಇಲ್ಲ. ಇನ್‌ಕ್ಲೂಡ್/ಲಿನಕ್ಸ್/ಡಿವೈಸ್ ಒಳಗಿನ ಕ್ಲಾಸ್.ಎಚ್ ಸಿಗುತ್ತದೆ. ಅಲ್ಲಿ ನೋಡಿದರೆ ಫಂಕ್ಷನ್ ಒಂದೇ ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ: ಹೆಸರು. ಮಾಡ್ಯೂಲ್ ಪಾಯಿಂಟರ್ ಇಲ್ಲ. ಈಗ ಅದೇ ಕಮಾಂಡಿನಲ್ಲಿ ವಿ6.6 ಬದಲು ವಿ6.1 ಹಾಕಿ. ಅಲ್ಲಿ ಅದು ಫಂಕ್ಷನ್ನೇ ಅಲ್ಲ, ಎರಡು ಆರ್ಗ್ಯುಮೆಂಟ್‌ನ ಮ್ಯಾಕ್ರೋ. ಬದಲಾವಣೆ ಆದದ್ದು 6.4ರಲ್ಲಿ.

ಇದರಿಂದ ಎರರ್ ಓದುವ ಒಂದು ಉಪಾಯವೂ ಸಿಗುತ್ತದೆ. ಹೊಸ ಕೋಡನ್ನು ಹಳೆ ಕರ್ನಲ್‌ನಲ್ಲಿ ಕಂಪೈಲ್ ಮಾಡಿದರೆ ‘ಮ್ಯಾಕ್ರೋಗೆ ಎರಡು ಆರ್ಗ್ಯುಮೆಂಟ್ ಬೇಕು, ಒಂದೇ ಕೊಟ್ಟಿದ್ದೀರಿ’ ಅಂತ ಬರುತ್ತದೆ. ಹಳೆ ಕೋಡನ್ನು ಹೊಸದರಲ್ಲಿ ಮಾಡಿದರೆ ‘ಜಾಸ್ತಿ ಆಯಿತು’ ಅಂತ ಬರುತ್ತದೆ. ಎರರ್‌ನ ಮಾತಿನಲ್ಲೇ ನೀವು ಯಾವ ದಿಕ್ಕಿಗೆ ತಪ್ಪಿದ್ದೀರಿ ಅನ್ನುವುದು ಇರುತ್ತದೆ.

ಹೆಸರೇ ಸಿಗದಿದ್ದರೆ ಎರಡು ಸಾಧ್ಯತೆ. ಫಂಕ್ಷನ್ ತೆಗೆದುಹಾಕಿರಬಹುದು, ಅಥವಾ ಹೆಡರ್ ಜಾಗ ಬದಲಾಗಿರಬಹುದು. ಏಎಸ್‌ಎಂ ಫೋಲ್ಡರಿನಲ್ಲಿದ್ದ ಅನ್‌ಅಲೈನ್ಡ್.ಎಚ್ 6.12ರಲ್ಲಿ ಲಿನಕ್ಸ್ ಫೋಲ್ಡರಿಗೆ ಬಂತು. ಹಾಗಾಗಿ ಮೊದಲ ಸಲ ಸಿಗಲಿಲ್ಲ ಅಂದರೆ ಫೋಲ್ಡರ್ ಮಿತಿ ತೆಗೆದು ಪೂರ್ತಿ ಮರದಲ್ಲಿ ಒಮ್ಮೆ ಹುಡುಕಿ.

ಎಚ್ಚರಿಕೆ: ಪಾಯಿಂಟರ್ ಟೈಪ್ ಹೊಂದುತ್ತಿಲ್ಲ ಅಂತ ಎರರ್ ಬಂದಾಗ ಕಾಸ್ಟ್ ಹಾಕಿ ಬಾಯಿ ಮುಚ್ಚಿಸಬೇಡಿ. ಅದರಲ್ಲೂ ಕಾಲ್‌ಬ್ಯಾಕ್ ಫಂಕ್ಷನ್‌ಗಳಿಗೆ ಹಾಕಲೇಬೇಡಿ. ಕಂಪೈಲ್ ಆಗುತ್ತದೆ, ಆದರೆ ಕರ್ನಲ್ ಬೇರೇನೋ ಕೊಡುತ್ತದೆ, ನಿಮ್ಮ ಫಂಕ್ಷನ್ ಬೇರೇನೋ ಅಂದುಕೊಳ್ಳುತ್ತದೆ. ಸಿಎಫ್‌ಐ ರಕ್ಷಣೆ (ಟೈಪ್ ಹೊಂದದ ಫಂಕ್ಷನ್ ಕರೆಯನ್ನು ಓಡುವಾಗಲೇ ಹಿಡಿಯುವ ವ್ಯವಸ್ಥೆ) ಹಾಕಿ ಕಟ್ಟಿದ ಕರ್ನಲ್ ಆದರೆ ಆ ಕರೆ ನಡೆದ ಕ್ಷಣವೇ ನಿಲ್ಲಿಸಿಬಿಡುತ್ತದೆ. ಅದಿಲ್ಲದ ಕರ್ನಲ್‌ನಲ್ಲಿ ಮೆಮೊರಿ ಸದ್ದಿಲ್ಲದೆ ಕೆಡುತ್ತದೆ. ಅದು ಇನ್ನೂ ಕೆಟ್ಟದ್ದು.

## ಹಂತ 4: ಫಂಕ್ಷನ್ ಮೇಲಿನ ಕರ್ನಲ್-ಡಾಕ್ ಓದಿ

ಆರ್ಗ್ಯುಮೆಂಟ್ ಸರಿಹೋದ ಕೂಡಲೇ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ದೊಡ್ಡ ಅಪಾಯ ಇರುವುದು ಇಲ್ಲೇ. ಯಾವ ಸಂದರ್ಭದಲ್ಲಿ ಕರೆಯಬಹುದು, ಯಾವ ಲಾಕ್ ಹಿಡಿದಿರಬಾರದು, ಎರರ್ ಆದರೆ ವಾಪಸ್ ಏನು ಬರುತ್ತದೆ, ಆಮೇಲೆ ಯಾರು ಬಿಡುಗಡೆ ಮಾಡಬೇಕು, ಇದ್ಯಾವುದನ್ನೂ ಹೆಡರ್‌ನ ಒಂದು ಸಾಲು ಹೇಳುವುದಿಲ್ಲ.

ಓರೆಗೆರೆ ಒಂದು, ನಕ್ಷತ್ರ ಎರಡು, ಹೀಗೆ ಶುರುವಾಗುವ ಕಾಮೆಂಟೇ ಕರ್ನಲ್-ಡಾಕ್. ಸಾಮಾನ್ಯ ಫಂಕ್ಷನ್ ಆದರೆ ಅದು .ಸಿ ಫೈಲಿನಲ್ಲಿರುತ್ತದೆ. ಇನ್‌ಲೈನ್ ಫಂಕ್ಷನ್, ಮ್ಯಾಕ್ರೋ, ಸ್ಟ್ರಕ್ಟ್ ಆದರೆ ಹೆಡರ್‌ನಲ್ಲೇ ಇರುತ್ತದೆ. ಕ್ಲಾಸ್_ಕ್ರಿಯೇಟ್‌ದು ಡ್ರೈವರ್ಸ್/ಬೇಸ್/ಕ್ಲಾಸ್.ಸಿ ಫೈಲಿನಲ್ಲಿದೆ. ಸೋತರೆ ನಲ್ ಬರುವುದಿಲ್ಲ, ಎರರ್ ಪಾಯಿಂಟರ್ ಬರುತ್ತದೆ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಅಂದರೆ ಈಸ್_ಇಆರ್‌ಆರ್ ಫಂಕ್ಷನ್‌ನಿಂದಲೇ ಪರೀಕ್ಷಿಸಬೇಕು. ಬರೀ ನಲ್ ಪರೀಕ್ಷೆ ಮಾಡುವ ಪಾಠಗಳು ಇವೆ. ಅವು ತಪ್ಪು.

ಟೈಮರ್‌ಗಳ ಉದಾಹರಣೆ ಇದಕ್ಕಿಂತ ಚೆನ್ನಾಗಿದೆ. ಮಾಡ್ಯೂಲ್ ತೆಗೆಯುವಾಗ ಟೈಮರ್ ನಿಲ್ಲಿಸಲು ಹಳೆ ಪಾಠಗಳೆಲ್ಲ ಡೆಲ್_ಟೈಮರ್_ಸಿಂಕ್ ಅನ್ನುತ್ತವೆ. 6.2ರಲ್ಲಿ ಟೈಮರ್_ಡಿಲೀಟ್_ಸಿಂಕ್ ಅನ್ನುವ ಹೊಸ ಹೆಸರು ಬಂತು, 6.15ರಲ್ಲಿ ಹಳೆ ಹೆಸರು ಹೋಯಿತು. ಹೆಸರು ಬದಲಿಸಿ ಮುಂದೆ ಹೋದರೆ ಕಂಪೈಲ್ ಏನೋ ಆಗುತ್ತದೆ. ಆದರೆ ಕರ್ನಲ್/ಟೈಮ್/ಟೈಮರ್.ಸಿ ತೆರೆದು ಆ ಫಂಕ್ಷನ್‌ನ ಕಾಮೆಂಟ್ ಓದಿ. ಈ ಫಂಕ್ಷನ್ ವಾಪಸ್ ಬಂದ ಮೇಲೂ ಬೇರೆಯವರು ಟೈಮರನ್ನು ಮತ್ತೆ ಹೂಡಬಹುದು, ಪೂರ್ತಿ ಮುಚ್ಚುವ ಸಂದರ್ಭಕ್ಕೆ ಟೈಮರ್_ಶಟ್‌ಡೌನ್_ಸಿಂಕ್ ಬಳಸಿ ಅಂತ ಅಲ್ಲಿದೆ. ಅದೂ 6.2ರಲ್ಲೇ ಬಂದದ್ದು. ಕಾಲ್‌ಬ್ಯಾಕ್ ಮುಗಿಯದಂತೆ ತಡೆಯುವ ಲಾಕ್ ಹಿಡಿದುಕೊಂಡು ಇದನ್ನು ಕರೆಯಬಾರದು ಅನ್ನುವುದೂ ಅಲ್ಲೇ ಇದೆ. ಕಾಮೆಂಟ್ ಓದದೆ ಬರೀ ಹೆಸರು ಬದಲಿಸಿದವರ ಮಾಡ್ಯೂಲ್ ನೂರು ಸಲ ಸರಿಯಾಗಿ ಕಳಚಿಕೊಂಡು, ನೂರಾ ಒಂದನೇ ಸಲ ಮಷೀನನ್ನೇ ಬೀಳಿಸುತ್ತದೆ.

ಕಾಮೆಂಟ್‌ನಲ್ಲಿ ಮೂರು ಜಾಗ ತಪ್ಪದೇ ನೋಡಿ: ವಾಪಸ್ ಬರುವ ಬೆಲೆ, ‘ಕಾಂಟೆಕ್ಸ್ಟ್’ ಅಂತ ಶುರುವಾಗುವ ಸಾಲು, ‘ನೋಟ್’ ಅಂತ ಶುರುವಾಗುವ ಸಾಲು.

## ಹಂತ 5: ವೆಬ್ ಪುಟಕ್ಕೆ ಹೋಗಿ, ಆದರೆ ವರ್ಷನ್ ನೋಡಿಕೊಂಡು

ಡಾಕ್ಸ್.ಕರ್ನಲ್.ಆರ್ಗ್ ಅಧಿಕೃತ ತಾಣ. ಅಲ್ಲಿನ ಪುಟಗಳು ಇದೇ ಕರ್ನಲ್-ಡಾಕ್ ಕಾಮೆಂಟ್‌ಗಳಿಂದ ಮತ್ತು ಸೋರ್ಸ್‌ನ ಡಾಕ್ಯುಮೆಂಟೇಶನ್ ಫೋಲ್ಡರಿನಿಂದ ತಯಾರಾಗುತ್ತವೆ. ಆದರೆ ಅದು ತೋರಿಸುವುದು ಸದ್ಯ ಬೆಳೆಯುತ್ತಿರುವ ಮುಖ್ಯ ಮರವನ್ನು. ನೀವು 5.15ರಲ್ಲಿದ್ದರೆ ಅಲ್ಲಿ ಹೇಳಿರುವ ಎಷ್ಟೋ ಫಂಕ್ಷನ್ ನಿಮ್ಮಲ್ಲಿ ಇರುವುದೇ ಇಲ್ಲ. ಪುಟದ ಬದಿಯ ಪಟ್ಟಿಯಲ್ಲಿ ವರ್ಷನ್ ನಂಬರ್ ಇರುತ್ತದೆ. ಓದಲು ಶುರು ಮಾಡುವ ಮುಂಚೆ ಕಣ್ಣು ಅಲ್ಲಿಗೆ ಹೋಗಲಿ.

ಹಳೆಯದು ಬೇಕಿದ್ದರೆ ಕರ್ನಲ್.ಆರ್ಗ್ ತಾಣದ ಡಾಕ್, ಅದರೊಳಗೆ ಎಚ್‌ಟಿಎಂಎಲ್, ಅದರೊಳಗೆ ವಿ5.15 ಅಂತ ವಿಳಾಸ ಹಾಕಿ. ವಿಳಾಸದಲ್ಲಿ ‘ಲೇಟೆಸ್ಟ್’ ಇದ್ದ ಜಾಗದಲ್ಲಿ ವರ್ಷನ್ ಬರೆಯುವುದು, ಅಷ್ಟೇ.

ನಿಮಗೆ ಬೇಕಾದ ಫಂಕ್ಷನ್ ಯಾವ ಪುಟದಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಹುಡುಕುವ ಬಗೆ ಹೀಗೆ. ಪುಟಗಳ ಮೂಲ ಫೈಲ್‌ಗಳು ಫಂಕ್ಷನ್ ಹೆಸರನ್ನು ಬರೆಯುವುದು ಅಪರೂಪ, .ಸಿ ಫೈಲಿನ ಹೆಸರು ಬರೆದು ‘ಇದರಲ್ಲಿರುವುದನ್ನೆಲ್ಲ ತಾ’ ಅನ್ನುತ್ತವೆ. ಹಾಗಾಗಿ ಡಾಕ್ಯುಮೆಂಟೇಶನ್ ಫೋಲ್ಡರಿನಲ್ಲಿ ಫಂಕ್ಷನ್ ಹೆಸರು ಗ್ರೆಪ್ ಮಾಡಿದರೆ ಏನೂ ಸಿಗದೆ, ಡಾಕ್ಯುಮೆಂಟೇಶನ್ನೇ ಇಲ್ಲ ಅಂದುಕೊಂಡುಬಿಡುತ್ತಾರೆ. ಫೈಲ್ ಹೆಸರು ಹುಡುಕಿ:

ಗಿಟ್ ಗ್ರೆಪ್ -ಎನ್ 'ಡ್ರೈವರ್ಸ್/ಬೇಸ್/ಕ್ಲಾಸ್.ಸಿ' -- ಡಾಕ್ಯುಮೆಂಟೇಶನ್

ಡ್ರೈವರ್-ಎಪಿಐ ಕೆಳಗಿನ ಇನ್‌ಫ್ರಾಸ್ಟ್ರಕ್ಚರ್ ಪುಟ ಸಿಗುತ್ತದೆ. ವೆಬ್‌ನಲ್ಲೂ ಅದೇ ಹಾದಿ, ಅದೇ ಹೆಸರು.

ಯಾವ ಫೋಲ್ಡರಿನಲ್ಲಿ ಏನಿದೆ ಅನ್ನುವುದೂ ತಿಳಿದಿರಲಿ. ಕೋರ್-ಎಪಿಐನಲ್ಲಿ ಮೆಮೊರಿ, ಲಿಸ್ಟ್, ವರ್ಕ್‌ಕ್ಯೂ ಥರದ್ದು. ಡ್ರೈವರ್-ಎಪಿಐನಲ್ಲಿ ಬಸ್‌ಗಳು, ಜಿಪಿಐಓ, ಡಿಎಂಎ ಎಂಜಿನ್. ಯೂಸರ್‌ಸ್ಪೇಸ್-ಎಪಿಐ ಅಪ್ಲಿಕೇಶನ್ ಬರೆಯುವವರಿಗೆ. ಅಡ್ಮಿನ್-ಗೈಡ್ ಸಿಸ್ಟಂ ನೋಡಿಕೊಳ್ಳುವವರಿಗೆ. ಸಿಸ್‌ಎಫ್‌ಎಸ್ ಫೈಲ್‌ಗಳ ವಿವರ ಎಬಿಐ ಅನ್ನುವ ಫೋಲ್ಡರಿನಲ್ಲಿ ಸ್ಟೇಬಲ್, ಟೆಸ್ಟಿಂಗ್, ಆಬ್ಸಲೀಟ್, ರಿಮೂವ್ಡ್ ಅಂತ ನಾಲ್ಕು ಭಾಗವಾಗಿದೆ.

ಮ್ಯಾನ್ ಪೇಜ್‌ಗಳ ಬಗ್ಗೆ ಒಂದು ಮಾತು. ಎರಡನೇ ವಿಭಾಗ ಸಿಸ್ಟಂ ಕಾಲ್‌ಗಳದ್ದು, ಅದು ಚೆನ್ನಾಗಿದೆ, ಬಳಸಿ. ಆದರೆ ಕರ್ನಲ್ ಒಳಗಿನ ಫಂಕ್ಷನ್‌ಗಳಿಗೆ ಅಲ್ಲಿ ಹುಡುಕಬೇಡಿ. ಒಂಬತ್ತನೇ ವಿಭಾಗ ಅಂತ ನೆಟ್‌ನಲ್ಲಿ ಸಿಗುವ ಪುಟಗಳು ಬಹುತೇಕ ಹಳೆ ಕರ್ನಲ್‌ಗಳಿಂದ ತೆಗೆದವು.

ಡಿಸ್ಟ್ರಿಬ್ಯೂಶನ್ ಅಥವಾ ಚಿಪ್ ಕಂಪನಿಯ ಕರ್ನಲ್ ಆದರೆ ನಿಮ್ಮದೇ ಸೋರ್ಸ್‌ನಿಂದ ಪುಟಗಳನ್ನು ಕಟ್ಟಿಕೊಳ್ಳಿ. ಸ್ಫಿಂಕ್ಸ್ (ಆ ಪುಟಗಳನ್ನು ತಯಾರಿಸುವ ಸಾಧನ) ಹಾಕಿಕೊಂಡಿರಬೇಕು. ಪೂರ್ತಿ ಕಟ್ಟಲು ತುಂಬಾ ಹೊತ್ತು ಹಿಡಿಯುತ್ತದೆ, ಒಂದೇ ಫೋಲ್ಡರ್ ಸಾಕು:

ಮೇಕ್ ಸ್ಫಿಂಕ್ಸ್‌ಡೈರ್ಸ್=ಡ್ರೈವರ್-ಎಪಿಐ ಎಚ್‌ಟಿಎಂಎಲ್‌ಡಾಕ್ಸ್

ಇದರಲ್ಲಿ ಸ್ಫಿಂಕ್ಸ್‌ಡೈರ್ಸ್ ಅನ್ನುವುದನ್ನು ಪೂರ್ತಿ ದೊಡ್ಡಕ್ಷರದಲ್ಲಿ ಟೈಪ್ ಮಾಡಿ. ಪುಟಗಳು ಡಾಕ್ಯುಮೆಂಟೇಶನ್/ಔಟ್‌ಪುಟ್ ಒಳಗೆ ಬರುತ್ತವೆ.

## ಹಂತ 6: ಬದಲಾವಣೆ ಮಾಡಿದ ಕಮಿಟ್ ಹುಡುಕಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಕಲಿಯುತ್ತೇನೆ ಅಂದರೆ ಇದನ್ನೇ ಕಲಿಯಿರಿ. ಎಪಿಐ ಬದಲಿಸಿದವರು ಏಕೆ ಬದಲಿಸಿದೆವು, ಹಳೆಯದರ ಬದಲು ಏನು ಬರೆಯಬೇಕು ಅಂತ ಕಮಿಟ್ ಬರಹದಲ್ಲಿ ಹೇಳಿರುತ್ತಾರೆ. ಬೇರೆ ಯಾವ ಪುಟದಲ್ಲೂ ಇದು ಇಷ್ಟು ನಿಖರವಾಗಿ ಸಿಗುವುದಿಲ್ಲ.

ಗಿಟ್ ಲಾಗ್‌ನಲ್ಲಿ ಇದಕ್ಕೆ ಎರಡು ಆಯ್ಕೆ ಇವೆ: ದೊಡ್ಡಕ್ಷರದ -ಎಸ್, ದೊಡ್ಡಕ್ಷರದ -ಜಿ. ಎಲ್ಲರೂ -ಎಸ್ ಹೇಳಿಕೊಡುತ್ತಾರೆ. ಅದು ಒಂದು ಹೆಸರು ಫೈಲಿನಲ್ಲಿ ಎಷ್ಟು ಸಲ ಇದೆ ಅನ್ನುವ ಲೆಕ್ಕ ಬದಲಾದ ಕಮಿಟ್‌ಗಳನ್ನು ಮಾತ್ರ ಕೊಡುತ್ತದೆ. ಫಂಕ್ಷನ್ ಹುಟ್ಟಿದ್ದು, ಹೋದದ್ದು ಹುಡುಕಲು ಸರಿ. ಆದರೆ ಆರ್ಗ್ಯುಮೆಂಟ್ ಒಂದು ಕಡಿಮೆಯಾದಾಗ ಹೆಸರು ಹಾಗೇ ಇರುತ್ತದಲ್ವಾ? ಲೆಕ್ಕ ಬದಲಾಗುವುದಿಲ್ಲ, -ಎಸ್ ಅದನ್ನು ಬಿಟ್ಟುಬಿಡುತ್ತದೆ. ಆಗ ಬೇಕಾದದ್ದು -ಜಿ. ಬದಲಾದ ಸಾಲಿನಲ್ಲಿ ಆ ಹೆಸರು ಇದ್ದರೆ ಸಾಕು, ಅದು ತೋರಿಸುತ್ತದೆ:

ಗಿಟ್ ಲಾಗ್ --ಒನ್‌ಲೈನ್ -ಜಿ'ಕ್ಲಾಸ್_ಕ್ರಿಯೇಟ್' ವಿ6.1..ವಿ6.6 -- ಇನ್‌ಕ್ಲೂಡ್/ಲಿನಕ್ಸ್/ಡಿವೈಸ್/ಕ್ಲಾಸ್.ಎಚ್

ಇಲ್ಲಿ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಬೇಡಿ. -ಜಿ ಅದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತ ಓದಿ ಎರರ್ ಕೊಡುತ್ತದೆ. ಫೈಲ್ ಹೆಸರನ್ನೂ ವರ್ಷನ್ ಮಿತಿಯನ್ನೂ ತಪ್ಪದೇ ಕೊಡಿ, ಇಲ್ಲದಿದ್ದರೆ ಪೂರ್ತಿ ಇತಿಹಾಸ ಜಾಲಾಡುತ್ತಾ ಕೂರುತ್ತದೆ. ಬರುವ ನಾಲ್ಕಾರು ಸಾಲಿನಲ್ಲಿ, ಕ್ಲಾಸ್_ಕ್ರಿಯೇಟ್‌ನಿಂದ ಮಾಡ್ಯೂಲ್ ತೆಗೆದೆವು ಅನ್ನುವ ತಲೆಬರಹ ಕಣ್ಣಿಗೆ ಬೀಳುತ್ತದೆ. ಅದನ್ನು ಗಿಟ್ ಶೋ ಮಾಡಿ ಓದಿ. ಆ ಆರ್ಗ್ಯುಮೆಂಟನ್ನು ಯಾರೂ ಬಳಸುತ್ತಿರಲಿಲ್ಲ ಅನ್ನುವ ಕಾರಣವೂ, ಮರದ ತುಂಬಾ ಇದ್ದ ಡ್ರೈವರ್‌ಗಳನ್ನು ಹೇಗೆ ತಿದ್ದಿದರು ಅನ್ನುವುದೂ ಅಲ್ಲೇ ಇದೆ. ನಿಮ್ಮ ಕೋಡನ್ನೂ ಹಾಗೆಯೇ ತಿದ್ದಿ.

ಯಾವ ಬಿಡುಗಡೆಯಲ್ಲಿ ಬಂತು ಅಂತ ತಿಳಿಯಲು ಕಮಿಟ್ ನಂಬರ್ ಕೊಟ್ಟು ಗಿಟ್ ಡಿಸ್ಕ್ರೈಬ್ --ಕಂಟೇನ್ಸ್ ಮಾಡಿ. ವಿ6.4-ಆರ್‌ಸಿ1 ಅಂತ ಶುರುವಾಗುವ ಉತ್ತರ ಬಂದರೆ 6.4ರಿಂದ ಅಂತ ಅರ್ಥ. ಕಮಿಟ್‌ನ ದಿನಾಂಕ ನೋಡಿ ವರ್ಷನ್ ಊಹಿಸಬೇಡಿ. ಬರೆದ ದಿನಕ್ಕೂ ಮುಖ್ಯ ಮರಕ್ಕೆ ಸೇರಿದ ದಿನಕ್ಕೂ ತಿಂಗಳುಗಟ್ಟಲೆ ಅಂತರ ಇರಬಹುದು.

ಕಮಿಟ್ ಕೊನೆಯಲ್ಲಿ ‘ಲಿಂಕ್’ ಅಂತ ಸಾಲಿದ್ದರೆ ಅದನ್ನೂ ತೆರೆಯಿರಿ. ಲೋರ್.ಕರ್ನಲ್.ಆರ್ಗ್‌ನಲ್ಲಿ ಆ ಪ್ಯಾಚ್ ಬಗ್ಗೆ ನಡೆದ ಪೂರ್ತಿ ಚರ್ಚೆ ಸಿಗಬಹುದು. ಕೆಲವು ದೊಡ್ಡ ಬದಲಾವಣೆಗಳಲ್ಲಿ ಕಾಕ್ಸಿನೆಲ್ (ಸಿ ಕೋಡನ್ನು ತಾನೇ ತಿದ್ದುವ ಸಾಧನ) ಸ್ಕ್ರಿಪ್ಟನ್ನೇ ಕಮಿಟ್ ಬರಹದಲ್ಲಿ ಹಾಕಿರುತ್ತಾರೆ. ನಿಮ್ಮ ಮಾಡ್ಯೂಲ್ ದೊಡ್ಡದಿದ್ದರೆ ಅದನ್ನೇ ಓಡಿಸಬಹುದು.

## ಹಂತ 7: ಈಗ ಅದನ್ನು ಬಳಸುತ್ತಿರುವ ಡ್ರೈವರ್ ಓದಿ

ಕರ್ನಲ್‌ನಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಎಪಿಐ ಬದಲಿಸುವವರೇ ಮರದೊಳಗಿನ ಎಲ್ಲ ಬಳಕೆದಾರರನ್ನೂ ತಿದ್ದಬೇಕು. ಹಾಗಾಗಿ ನಿಮ್ಮ ವರ್ಷನ್‌ನ ಮರದೊಳಗಿರುವ ಡ್ರೈವರ್ ಕನಿಷ್ಠ ಕಂಪೈಲ್ ಆಗುವ ಮಟ್ಟಕ್ಕಾದರೂ ಸರಿ ಇರುತ್ತದೆ.

ಆದರೆ ಸಿಕ್ಕಿದ ಮೊದಲ ಡ್ರೈವರನ್ನು ನಕಲು ಮಾಡಬೇಡಿ. ಹದಿನೈದು ವರ್ಷದ ಹಿಂದೆ ಬರೆದ ಡ್ರೈವರ್ ಕಂಪೈಲ್ ಆಗುತ್ತದೆ, ಶೈಲಿ ಮಾತ್ರ ಹಳೆಯದೇ. ಇತ್ತೀಚೆಗೆ ಸೇರಿದ ಫೈಲ್‌ಗಳನ್ನು ಹುಡುಕಿ. ಗಿಟ್ ಲಾಗ್‌ಗೆ --ಡಿಫ್-ಫಿಲ್ಟರ್=ಎ ಕೊಟ್ಟು, ಹಿಂದಿನ ವರ್ಷನ್‌ನಿಂದ ನಿಮ್ಮ ವರ್ಷನ್‌ವರೆಗೆ ಮಿತಿ ಹಾಕಿ, ನಿಮ್ಮ ಸಬ್‌ಸಿಸ್ಟಂ ಫೋಲ್ಡರ್ ಹೆಸರು ಬರೆದರೆ ಹೊಸದಾಗಿ ಬಂದವಷ್ಟೇ ಕಾಣುತ್ತವೆ. ಹೊಸ ಡ್ರೈವರ್ ಅಂದರೆ ಮೇಂಟೇನರ್ ಇತ್ತೀಚೆಗೆ ಸಾಲು ಸಾಲಾಗಿ ಓದಿ ಒಪ್ಪಿದ ಕೋಡ್. ಸ್ಯಾಂಪಲ್ಸ್ ಅನ್ನುವ ಫೋಲ್ಡರ್ ಕೂಡ ಒಮ್ಮೆ ನೋಡಿ.

ಬದಲಾವಣೆಯ ನಡುಗಾಲದಲ್ಲಿ ಮಾತ್ರ ಬದುಕಿದ್ದ ಹೆಸರುಗಳು ಇವೆ, ಅವು ಬಹಳ ಕಾಡುತ್ತವೆ. ಪ್ಲಾಟ್‌ಫಾರಂ ಡ್ರೈವರ್‌ನ ರಿಮೂವ್ ಮೊದಲು ಇಂಟ್ ವಾಪಸ್ ಕೊಡುತ್ತಿತ್ತು. ವಾಯ್ಡ್ ಕೊಡುವ ರಿಮೂವ್_ನ್ಯೂ 6.3ರಲ್ಲಿ ಬಂತು. 6.11ರಲ್ಲಿ ರಿಮೂವ್ ತಾನೇ ವಾಯ್ಡ್ ಆಯಿತು. 6.13ರಲ್ಲಿ ರಿಮೂವ್_ನ್ಯೂ ಹೋಯಿತು. ಐ2ಸಿ ಡ್ರೈವರ್‌ಗಳ ಪ್ರೋಬ್_ನ್ಯೂ ಕೂಡ ಹೀಗೇ ಬಂದು ಹೋದದ್ದು. 2023ರಲ್ಲಿ ಬರೆದ, ನೋಡಲು ಹೊಸದೇ ಅನಿಸುವ ಪಾಠದಲ್ಲಿ ಇವು ಇರುತ್ತವೆ. ಹೆಸರಿನ ಬಾಲದಲ್ಲಿ ‘ನ್ಯೂ’ ಕಂಡರೆ ಹೆಡರ್ ಮತ್ತೊಮ್ಮೆ ನೋಡಿ.

## ಹಂತ 8: ಮಾಡ್ಯೂಲ್‌ಗೆ ಅದು ಸಿಗುತ್ತದೆಯೇ ಅಂತ ನೋಡಿ

ಹೆಡರ್‌ನಲ್ಲಿ ಇದೆ, ಡಾಕ್ಯುಮೆಂಟೇಶನ್ ಇದೆ, ಆದರೂ ಕಂಪೈಲ್‌ನ ಕೊನೆಯಲ್ಲಿ ಹೆಸರುಗಳನ್ನು ಪರೀಕ್ಷಿಸುವ ಮಾಡ್‌ಪೋಸ್ಟ್ ‘ಅನ್‌ಡಿಫೈನ್ಡ್’ ಅನ್ನುತ್ತದೆ. ಅಂದರೆ ಫಂಕ್ಷನ್ ಮಾಡ್ಯೂಲ್‌ಗಳಿಗೆ ಎಕ್ಸ್‌ಪೋರ್ಟ್ ಆಗಿಲ್ಲ. ಕಾಲ್‌ಸಿಮ್ಸ್_ಲುಕಪ್_ನೇಮ್ ಇದಕ್ಕೆ ಪ್ರಸಿದ್ಧ ಉದಾಹರಣೆ. 5.7ರಲ್ಲಿ ಅದರ ಎಕ್ಸ್‌ಪೋರ್ಟ್ ತೆಗೆದರು. ಫಂಕ್ಷನ್ ಕರ್ನಲ್‌ನಲ್ಲಿ ಇದೆ, ನಿಮ್ಮ ಕೈಗೆ ಮಾತ್ರ ಇಲ್ಲ.

.ಸಿ ಫೈಲಿನಲ್ಲಿ ಫಂಕ್ಷನ್ ಮುಗಿದ ಕೂಡಲೇ ಎಕ್ಸ್‌ಪೋರ್ಟ್_ಸಿಂಬಲ್ ಸಾಲಿದೆಯೇ ನೋಡಿ. ಕೊನೆಯಲ್ಲಿ ಜಿಪಿಎಲ್ ಅಂತ ಇದ್ದರೆ ನಿಮ್ಮ ಮಾಡ್ಯೂಲ್‌ನ ಲೈಸೆನ್ಸ್ ಸಾಲಿನಲ್ಲೂ ಜಿಪಿಎಲ್ ಇರಬೇಕು. ಬಿಲ್ಡ್ ಫೋಲ್ಡರಿನ ಮಾಡ್ಯೂಲ್.ಸಿಮ್‌ವರ್ಸ್ ಫೈಲಿನಲ್ಲಿ ಹೆಸರು ಗ್ರೆಪ್ ಮಾಡಿದರೂ ಇದೇ ಉತ್ತರ ಬೇಗ ಸಿಗುತ್ತದೆ.

ಕಾನ್ಫಿಗ್ (ಕರ್ನಲ್ ಕಟ್ಟುವಾಗ ಯಾವ ಭಾಗ ಸೇರಿಸಬೇಕು ಅನ್ನುವ ಆಯ್ಕೆಗಳು) ಕೂಡ ನೋಡಿ. ಎಷ್ಟೋ ಹೆಡರ್‌ಗಳಲ್ಲಿ ಒಂದೇ ಫಂಕ್ಷನ್ ಎರಡು ಸಲ ಇರುತ್ತದೆ: ಕಾನ್ಫಿಗ್ ಆನ್ ಇದ್ದರೆ ನಿಜವಾದದ್ದು, ಇಲ್ಲದಿದ್ದರೆ ಎರರ್ ಮಾತ್ರ ವಾಪಸ್ ಕೊಡುವ ಖಾಲಿ ಇನ್‌ಲೈನ್. ಎಲ್ಲ ಸರಿಯಾಗಿ ಕಂಪೈಲ್ ಆಗಿ, ಓಡಿಸಿದಾಗ ಯಾವಾಗಲೂ ಸೋಲುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಬೂಟ್ ಫೋಲ್ಡರಿನಲ್ಲಿರುವ ನಿಮ್ಮ ಕರ್ನಲ್‌ನ ಕಾನ್ಫಿಗ್ ಫೈಲ್ ತೆರೆದು ನೋಡಿ.

## ಹಂತ 9: ಇದೆ ಅಂದ ಮಾತ್ರಕ್ಕೆ ಬಳಸಬೇಡಿ

ಡಾಕ್ಯುಮೆಂಟೇಶನ್/ಪ್ರೊಸೆಸ್ ಫೋಲ್ಡರಿನಲ್ಲಿ ಡೆಪ್ರಿಕೇಟೆಡ್.ಆರ್‌ಎಸ್‌ಟಿ ಅನ್ನುವ ಫೈಲಿದೆ. ಹೊಸ ಕೋಡಿನಲ್ಲಿ ಬಳಸಬಾರದ ಸಂಗತಿಗಳು, ಪ್ರತಿಯೊಂದಕ್ಕೂ ಬದಲಿ ಏನು, ಎರಡೂ ಅಲ್ಲಿವೆ. ಉದ್ದವಿಲ್ಲ, ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು. ಎಸ್‌ಟಿಆರ್‌ಸಿಪಿವೈ, ಸಿಂಪಲ್_ಎಸ್‌ಟಿಆರ್‌ಟಿಓಎಲ್, ಕೆಮ್ಯಾಲಾಕ್ ಒಳಗೆ ನೇರವಾಗಿ ಗುಣಾಕಾರ ಮಾಡುವುದು, ಸುಮ್ನೆ ಬಗ್() ಕರೆಯುವುದು, ಎಲ್ಲ ಇದರಲ್ಲಿ ಬರುತ್ತವೆ. ಈ ಪಟ್ಟಿಯಲ್ಲಿದ್ದ ಎಸ್‌ಟಿಆರ್‌ಎಲ್‌ಸಿಪಿವೈ 6.8ರಲ್ಲಿ ಕರ್ನಲ್‌ನಿಂದಲೇ ಹೋಯಿತು. ಅದರ ಜಾಗದಲ್ಲಿ ಎಸ್‌ಟಿಆರ್‌ಎಸ್‌ಸಿಪಿವೈ.

## ಹಳೆ ಪಾಠದ ವಯಸ್ಸು ಹೇಳುವ ಗುರುತುಗಳು

ಪುಸ್ತಕ, ವಿಡಿಯೋ, ಎಐ ಚಾಟ್‌ನ ಉತ್ತರ, ಯಾವುದೇ ಆಗಲಿ, ಓದುವ ಮೊದಲು ಅದರ ವಯಸ್ಸು ತಿಳಿಯಿರಿ. ಬರೆದ ದಿನಾಂಕ ಇರುವುದಿಲ್ಲ ಅಥವಾ ಸುಳ್ಳಾಗಿರುತ್ತದೆ. ಕೋಡ್ ಸುಳ್ಳು ಹೇಳುವುದಿಲ್ಲ.

ಫೈಲ್ ಆಪರೇಶನ್ಸ್‌ನಲ್ಲಿ ಬರೀ ಐಓಸಿಟಿಎಲ್ ಇದ್ದರೆ ಅದು 2.6.36ಕ್ಕಿಂತ ಹಳೆಯದು. ಆಮೇಲೆ ಅನ್‌ಲಾಕ್ಡ್_ಐಓಸಿಟಿಎಲ್ ಮಾತ್ರ ಉಳಿಯಿತು. ಡೆವ್‌ಇನಿಟ್ ಅನ್ನುವ ಗುರುತು ಕಂಡರೆ 3.8ಕ್ಕಿಂತ ಹಿಂದಿನದು. ಕ್ರಿಯೇಟ್_ಪ್ರಾಕ್_ಎಂಟ್ರಿ ಇದ್ದರೆ 3.10ಕ್ಕಿಂತ. ಇನಿಟ್_ಟೈಮರ್ ಅಥವಾ ಸೆಟಪ್_ಟೈಮರ್ ಇದ್ದರೆ 4.15ಕ್ಕಿಂತ. ಆಕ್ಸೆಸ್_ಓಕೆಗೆ ಮೂರು ಆರ್ಗ್ಯುಮೆಂಟ್ ಕೊಟ್ಟಿದ್ದರೆ 5.0ಕ್ಕಿಂತ. ಪ್ರಾಕ್_ಕ್ರಿಯೇಟ್‌ಗೆ ಫೈಲ್_ಆಪರೇಶನ್ಸ್ ಕೊಟ್ಟಿದ್ದರೆ, ಇಲ್ಲವೇ ಐಓರೀಮ್ಯಾಪ್_ನೋಕ್ಯಾಶ್ ಇದ್ದರೆ 5.6ಕ್ಕಿಂತ. ಎಂಮ್ಯಾಪ್_ಸೆಮ್ ಇದ್ದರೆ 5.8ಕ್ಕಿಂತ. ಎರಡು ಆರ್ಗ್ಯುಮೆಂಟ್‌ನ ಕ್ಲಾಸ್_ಕ್ರಿಯೇಟ್ 6.4ಕ್ಕಿಂತ. ಟೈಮರ್ ಕಾಲ್‌ಬ್ಯಾಕ್‌ನಲ್ಲಿ ಫ್ರಮ್_ಟೈಮರ್ ಇದ್ದರೆ 4.14 ಮತ್ತು 6.15ರ ನಡುವಿನದು, ಏಕೆಂದರೆ 6.16ರಲ್ಲಿ ಅದು ಟೈಮರ್_ಕಂಟೇನರ್_ಆಫ್ ಆಯಿತು.

ಬಹಳ ಕಾಲೇಜುಗಳಲ್ಲಿ ಇವತ್ತಿಗೂ ಕೈಗೆ ಸಿಗುವ ಡ್ರೈವರ್ ಪಾಠಗಳು 2.6ರ ಕಾಲದವು. ತತ್ವ ಕಲಿಯಲು ಅವು ಒಳ್ಳೆಯವೇ, ಎಸೆಯಬೇಡಿ. ಇಂಟರಪ್ಟ್ ಏಕೆ ಎರಡು ಭಾಗ, ಲಾಕ್ ಏಕೆ ಬೇಕು ಅನ್ನುವುದು ಬದಲಾಗಿಲ್ಲ. ಆದರೆ ಅದರ ಒಂದು ಸಾಲನ್ನೂ 3ನೇ ಹಂತ ದಾಟಿಸದೆ ಟೈಪ್ ಮಾಡಬೇಡಿ.

ಎಐ ಚಾಟ್ ಕೊಟ್ಟ ಕೋಡಿನಲ್ಲಿ ಈ ಗುರುತುಗಳಲ್ಲಿ ಎರಡು ಬೇರೆ ಕಾಲದ್ದು ಒಟ್ಟಿಗೆ ಕಾಣಬಹುದು, ಪ್ರಾಕ್_ಆಪ್ಸ್ (5.6ರಲ್ಲಿ ಪ್ರಾಕ್_ಕ್ರಿಯೇಟ್‌ಗೆ ಫೈಲ್_ಆಪರೇಶನ್ಸ್ ಬದಲು ಬಂದದ್ದು) ಜೊತೆ ಸೆಟಪ್_ಟೈಮರ್ ಥರ. ಅಂಥ ಕೋಡ್ ಯಾವ ಕರ್ನಲ್‌ನಲ್ಲೂ ಯಾವತ್ತೂ ಕಂಪೈಲ್ ಆಗಿರಲು ಸಾಧ್ಯವಿಲ್ಲ. ತಿದ್ದಲು ಹೋಗದೆ ಬಿಟ್ಟು ಮುಂದೆ ಹೋಗಿ.

## ಹಂತ 10: ಎರಡು ಮೂರು ವರ್ಷನ್‌ಗೆ ಒಂದೇ ಕೋಡ್ ಬೇಕಿದ್ದರೆ

ಲಿನಕ್ಸ್_ವರ್ಷನ್_ಕೋಡ್ ನೋಡಿ ಹೊಸದು, ಹಳೆಯದು ಅಂತ ಬೇರೆ ಮಾಡಬಹುದು. 6ನೇ ಹಂತದಲ್ಲಿ ಸಿಕ್ಕ ಬಿಡುಗಡೆ ನಂಬರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಎಪಿಐಗಳನ್ನು ಹಿಂದಕ್ಕೆ ತರುವ ಡಿಸ್ಟ್ರಿಬ್ಯೂಶನ್‌ಗಳಲ್ಲಿ ಈ ಪರೀಕ್ಷೆ ಸುಳ್ಳಾಗುತ್ತದೆ. ಆರ್‌ಎಚ್‌ಇಎಲ್‌ಗೆ ಅದರದೇ ಆರ್‌ಎಚ್‌ಇಎಲ್_ರಿಲೀಸ್_ಕೋಡ್ ಇದೆ. ಇನ್ನೂ ಗಟ್ಟಿಯಾದ ದಾರಿ ಅಂದರೆ, ಬಿಲ್ಡ್ ಮಾಡುವಾಗ ಎರಡು ಸಾಲಿನ ಪುಟ್ಟ ಫೈಲೊಂದನ್ನು ಅಲ್ಲಿನ ಹೆಡರ್‌ಗಳ ಜೊತೆ ಕಂಪೈಲ್ ಮಾಡಿ ನೋಡುವುದು. ಅದು ಪಾಸಾದರೆ ಹೊಸ ರೂಪ, ಫೇಲಾದರೆ ಹಳೆ ರೂಪ. ವರ್ಷನ್ ನಂಬರನ್ನು ನಂಬಬೇಕಾಗಿಯೇ ಇಲ್ಲ.

ಈ ಬದಲಿ ವ್ಯವಸ್ಥೆಯನ್ನೆಲ್ಲ ಒಂದೇ ಹೆಡರ್ ಫೈಲಿನಲ್ಲಿಡಿ. ಡ್ರೈವರ್ ತುಂಬಾ ಹರಡಿದರೆ ಮುಂದಿನ ಬಿಡುಗಡೆಯಲ್ಲಿ ಏನನ್ನೂ ಹುಡುಕಲು ಆಗುವುದಿಲ್ಲ.

## ಡಾಕ್ಯುಮೆಂಟೇಶನ್ನೇ ತಪ್ಪಿದ್ದರೆ

ಇಷ್ಟೆಲ್ಲ ಮಾಡಿದ ಮೇಲೂ ಕಾಮೆಂಟ್ ಒಂದು ಹೇಳಿ, ಕೋಡ್ ಇನ್ನೊಂದು ಮಾಡುತ್ತಿರುವುದು ಕಾಣಬಹುದು. ನಿಮ್ಮ ಕೆಲಸಕ್ಕೆ ಕೋಡನ್ನೇ ನಂಬಿ. ಆಮೇಲೆ ಮುಖ್ಯ ಮರದ ಹೊಸ ತುದಿಯಲ್ಲಿ ಆ ಕಾಮೆಂಟ್ ಇನ್ನೂ ಹಾಗೇ ಇದೆಯೇ ನೋಡಿ. ಎಷ್ಟೋ ಸಲ ಯಾರೋ ಆಗಲೇ ಸರಿ ಮಾಡಿರುತ್ತಾರೆ.

ಇನ್ನೂ ತಪ್ಪೇ ಇದ್ದರೆ ತಿದ್ದಿ ಕಳಿಸಿ. ಕಾಮೆಂಟ್ ತಿದ್ದಿದ ಮೇಲೆ ಕರ್ನಲ್-ಡಾಕ್ ಸ್ಕ್ರಿಪ್ಟನ್ನು -ನನ್ ಆಯ್ಕೆ ಕೊಟ್ಟು ಆ ಫೈಲಿನ ಮೇಲೆ ಓಡಿಸಿ, ಎಚ್ಚರಿಕೆ ಏನಾದರೂ ಬಂದರೆ ಸರಿಪಡಿಸಿ. ಆ ಸ್ಕ್ರಿಪ್ಟ್ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಕಾಣದಿದ್ದರೆ ಗಿಟ್ ಎಲ್‌ಎಸ್-ಫೈಲ್ಸ್ ಪಟ್ಟಿಯಲ್ಲಿ ಹೆಸರು ಹುಡುಕಿಕೊಳ್ಳಿ. ಯಾರಿಗೆ ಕಳಿಸಬೇಕು ಅನ್ನುವುದನ್ನು ಗೆಟ್_ಮೇಂಟೇನರ್.ಪಿಎಲ್ ಹೇಳುತ್ತದೆ, ಪ್ಯಾಚ್‌ನ ರೂಪ ಸರಿ ಇದೆಯೇ ಅಂತ ಚೆಕ್‌ಪ್ಯಾಚ್.ಪಿಎಲ್ ನೋಡುತ್ತದೆ. ಕಮಿಟ್ ಬರಹದಲ್ಲಿ, ಯಾವ ಕಮಿಟ್‌ನಲ್ಲಿ ಕೋಡ್ ಬದಲಾಗಿ ಕಾಮೆಂಟ್ ಹಿಂದೆ ಉಳಿಯಿತು ಅನ್ನುವುದನ್ನು ‘ಫಿಕ್ಸಸ್’ ಸಾಲಿನಲ್ಲಿ ಬರೆಯಿರಿ. ಆ ಕಮಿಟ್ ನಂಬರ್ 6ನೇ ಹಂತದಲ್ಲೇ ನಿಮಗೆ ಸಿಕ್ಕಿರುತ್ತದೆ.